ಮೊದಲು ಬೇಡ ಅನ್ನುವವರು

ಭೋಜ
30 ಮಾರ್ಚ್ 2021

ಕಾಗವಾಡದ ಬೀಗಿತ್ತಿ ಸೀಮಾಬಾಯಿಯವರಿಗೆ ಭೋಜದ ಲಗಮಣ್ಣ ಮಾಸ್ತರನ ನಮಸ್ಕಾರ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಈ ಮನುಷ್ಯ ಅಂಚೆ ಕವರು ಕಳಿಸುತ್ತಾನಲ್ಲ ಎಂದು ನಗಬೇಡಿ. ನನ್ನ ಕಿವಿಯ ಸಂಗತಿ ನಿಶ್ಚಿತಾರ್ಥದ ಸಾಖರಪುಡಾ ಮಾಡಿದ ದಿನವೇ ನಿಮ್ಮ ಕಡೆಯವರಿಗೆಲ್ಲ ಗೊತ್ತಾಗಿದೆ. ಫೋನಿನಲ್ಲಿ ನಾನು ಮಾತಾಡಿದರೆ ಇಡೀ ಓಣಿಗೆ ಕೇಳಿಸುತ್ತದೆ, ಅತ್ತಲಿಂದ ಬಂದ ಮಾತು ನನಗೊಬ್ಬನಿಗೆ ಕೇಳಿಸುವುದಿಲ್ಲ. ಮೂವತ್ತೆಂಟು ವರ್ಷ ಕನ್ನಡ ಶಾಲೆಯ ಗದ್ದಲ ಕೇಳಿದ ಕಿವಿಗಳು ನನ್ನ ಜೊತೆಗೇ ನಿವೃತ್ತಿ ತೆಗೆದುಕೊಂಡವು. ಆದ್ದರಿಂದ ಬೀಗರ ಮಾತು ಕಾಗದದ ಮೇಲೆಯೇ ನಡೆಯಲಿ. ಬರೆದದ್ದಕ್ಕೆ ಒಂದು ಜವಾಬ್ದಾರಿಯೂ ಇರುತ್ತದೆ.

ನನ್ನ ಮಗ ಅಮೋಲ ಮತ್ತು ನಿಮ್ಮ ಸ್ನೇಹಲಳ ಲಗ್ನ ಮೇ ಐದು, ಬುಧವಾರ, ಕಾಗವಾಡದಲ್ಲಿ ನಿಮ್ಮ ಮನೆಯ ಅಂಗಳದಲ್ಲಿ ಎಂದು ನಿಶ್ಚಯವಾಗಿದೆಯಲ್ಲ, ಅದಕ್ಕೆ ನಮ್ಮ ಕಡೆಯ ತಯಾರಿ ನಡೆದಿದೆ. ಅಮೋಲ ನಿಪ್ಪಾಣಿಯಲ್ಲಿ ತನ್ನ ಪೈಪಿನ ಅಂಗಡಿಗೆ ಬಣ್ಣ ಹೊಡೆಸಿದ. ಅಂಗಡಿಗೂ ಲಗ್ನಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ನಮ್ಮ ಅವ್ವ ಅಕ್ಕವ್ವನಿಗೆ ಎಂಬತ್ತಮೂರು. ಕಾಗವಾಡಕ್ಕೆ ತಾನೂ ಬರುವವಳೇ ಎಂದು ಸೀರೆ ತೆಗೆದಿಟ್ಟಿದ್ದಾಳೆ.

ಇನ್ನೊಂದು ಸಮಾಚಾರ. ಪಂಚಾಯಿತಿಯವರು ಮತ್ತೆ ಕೊರೋನಾ ಕಾರ್ಯಪಡೆ ಮಾಡಿ ನನ್ನನ್ನೇ ಮುಖ್ಯಸ್ಥನನ್ನಾಗಿ ಕೂರಿಸಿದ್ದಾರೆ. ಕಿವಿ ಕೇಳದವನಿಗೆ ಯಾರ ತಕರಾರೂ ಮುಟ್ಟುವುದಿಲ್ಲ ಎಂದು ಲೆಕ್ಕ ಹಾಕಿರಬೇಕು. ಇಚಲಕರಂಜಿ, ಕೊಲ್ಹಾಪುರದಿಂದ ಬಂದವರ ಹೆಸರು ಬರೆದುಕೊಳ್ಳುವುದು, ಜ್ವರ ಇದ್ದವರನ್ನು ಒಳಗೆ ಕೂರಿಸಿ ಬಾಗಿಲಿಗೆ ಚೀಟಿ ಅಂಟಿಸುವುದು ನನ್ನ ಕೆಲಸ.

ನಿಮ್ಮ
ಲಗಮಣ್ಣ


ಕಾಗವಾಡ
9 ಏಪ್ರಿಲ್ 2021

ಲಗಮಣ್ಣ ಮಾಸ್ತರರಿಗೆ ಸೀಮಾಳ ನಮಸ್ಕಾರ.

ನಿಮ್ಮ ಪತ್ರ ಬಂದು ಆರು ದಿನವಾಯಿತು. ಈಗ ಒಣದ್ರಾಕ್ಷಿಯ ಕಾಲ. ತೋಟದಿಂದ ಬಂದ ಹಣ್ಣನ್ನು ಶೆಡ್ಡಿನಲ್ಲಿ ಹರವಿದ್ದೇವೆ, ದಿನಕ್ಕೆ ಇಪ್ಪತ್ತು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಮನೆಯವರು ತೀರಿಕೊಂಡು ಏಳು ವರ್ಷವಾಯಿತು. ಅಂದಿನಿಂದ ಏಪ್ರಿಲ್‌ನಲ್ಲಿ ನಾನು ಕೂತು ಊಟ ಮಾಡಿದ್ದು ನೆನಪಿಲ್ಲ.

ಕರೋಶಿಯ ಸಂಗತಿಯನ್ನು ನಿಮಗೆ ಮೊದಲೇ ಹೇಳಿದ್ದೇನೆ. ಆದರೂ ಇನ್ನೊಮ್ಮೆ ಬರೆಯುತ್ತೇನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಸ್ನೇಹಲಳ ಲಗ್ನ ಅಲ್ಲಿಗೆ ನಿಶ್ಚಯವಾಗಿತ್ತು. ಲಾಕ್‌ಡೌನ್ ಬಂತು. "ಎರಡ ತಿಂಗಳ ಮುಂದ ಹಾಕೋಣ್ರಿ" ಎಂದು ಮೊದಲು ಬಾಯಿ ಬಿಟ್ಟವಳು ನಾನು. ನಮ್ಮ ಕಡೆ ಸಾಖರಪುಡಾ ಆದ ಮೇಲೆ ಮೊದಲು ಯಾರು ಬೇಡ ಅನ್ನುತ್ತಾರೋ ಸಂಬಂಧ ಮುರಿದವರು ಅವರೇ, ಕಾರಣ ಯಾರೂ ಕೇಳುವುದಿಲ್ಲ. ಕರೋಶಿಯವರು ಮೂರು ವಾರದಲ್ಲಿ ಬೇರೆ ಹೆಣ್ಣು ತಂದರು. "ಹುಡಿಗ್ಯಾಗ ಏನೋ ಐತಿ, ಅದಕ್ಕ ತಾಯಿ ದಿನಾ ದೂಡಾಕತ್ತಿದ್ಲು" ಎಂಬ ಮಾತು ಕಾಗವಾಡದ ಸಂತೆಯವರೆಗೆ ಬಂತು. ಹತ್ತು ತಿಂಗಳು ನನ್ನ ಮಗಳನ್ನು ನೋಡಲು ಯಾರೂ ಈ ಕಡೆ ತಿರುಗಲಿಲ್ಲ.

ಈಗ ಮಿರಜಿನ ಕಡೆ ರೋಗ ಜೋರಾಗಿದೆ. ಗಡಿಯ ತಪಾಸಣೆ ನಾಕಾದಲ್ಲಿ ರಿಪೋರ್ಟ್ ಇಲ್ಲದವರನ್ನು ಬಿಡುತ್ತಿಲ್ಲ. ಜನ ಕಬ್ಬಿನ ಗದ್ದೆಯ ಒಳದಾರಿಯಿಂದ ದಾಟುತ್ತಾರೆ. ನೀವು ಕಾರ್ಯಪಡೆಯವರು, ತಿಳಿದವರು. ಲಗ್ನದ ವಿಷಯದಲ್ಲಿ ನೀವು ಏನು ಹೇಳಿದರೂ ನಮ್ಮ ಒಪ್ಪಿಗೆ ಇದೆ. ಏನು ಹೇಳಿದರೂ.

ಅಕ್ಕವ್ವನವರಿಗೆ ನಮಸ್ಕಾರ ತಿಳಿಸಿ.

ಸೀಮಾ


ಭೋಜ
16 ಏಪ್ರಿಲ್ 2021

ಸೀಮಾಬಾಯಿಯವರಿಗೆ ಬೀಗನ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲಕ್ಕೆ ನಿಮ್ಮ ಹೆದರಿಕೆ ಅರ್ಥವಾಯಿತು. ಕರೋಶಿಯವರ ಹಾಗೆ ಈ ಮಾಸ್ತರನೂ ಎಲ್ಲಿ ಕೈ ಕೊಡುತ್ತಾನೋ ಎಂದು ನಿಮಗೆ ನಿದ್ದೆ ಬರುತ್ತಿಲ್ಲ. ಆ ಚಿಂತೆ ಬಿಡಿ. ಬೇಡ ಎಂಬ ಮಾತು ನಮ್ಮ ಕಡೆಯಿಂದ ಬರುವುದಿಲ್ಲ. ದಿನವೂ ಅದೇ, ಮುಹೂರ್ತವೂ ಅದೇ. ಇದನ್ನು ಬರೆದು ಕೊಡುತ್ತಿದ್ದೇನೆ.

ಒಂದು ಮಾತು ಮಾತ್ರ ನಿಮ್ಮ ಕಿವಿಯ ಮೇಲೆ ಹಾಕುತ್ತೇನೆ. ಲಗ್ನಕ್ಕೆ ಐವತ್ತೇ ಜನ, ಮೆರವಣಿಗೆ ಇಲ್ಲ, ಬ್ಯಾಂಡ್ ಇಲ್ಲ ಎಂದು ಅವ್ವನಿಗೆ ತಿಳಿಸಿ ಹೇಳಿದೆ. "ಒಂದ ವಾದ್ಯಾ ಇಲ್ಲದ ಅಕ್ಕಿಕಾಳ ಹಾಕಿದ್ರ ಅದಕ್ಕ ಲಗ್ನಾ ಅಂತಾರೇನ?" ಎಂದು ಕೇಳಿದಳು. ಅವಳ ಮಾತಿನಲ್ಲೂ ಅರ್ಥವಿದೆ ಎಂದು ನನಗನ್ನಿಸಿತು. ವಾದ್ಯವಿಲ್ಲದ ಲಗ್ನ ಎಂಥ ಲಗ್ನ? ನೀವೇ ವಿಚಾರ ಮಾಡಿ ನೋಡಿ. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ.

ನಮ್ಮೂರಲ್ಲಿ ಹನ್ನೊಂದು ಬಾಗಿಲಿಗೆ ಚೀಟಿ ಬಿದ್ದಿದೆ. ಪಕ್ಕದ ಓಣಿಯ ಬಾಳಾಸಾಬ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಇನ್ನೂರು ಜನರನ್ನು ಕರೆದಿದ್ದ. ನಾನು ನಿಲ್ಲಿಸಿದೆ. ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಟ್ಟರೂ ನನಗೆ ಅಂಥ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ಕೆಲವರು ಇನ್ನೂ ಜಾಣರು. ಗುಳಿಗೆ ನುಂಗಿ ಜ್ವರ ಇಳಿಸಿಕೊಂಡು ನನ್ನ ಎದುರಿಗೆ ಹಣೆ ತೋರಿಸುತ್ತಾರೆ. ಅಂಥವರನ್ನು ನಾನು ಕಣ್ಣು ನೋಡಿಯೇ ಹಿಡಿಯುತ್ತೇನೆ.

ಲಗಮಣ್ಣ


ಕಾಗವಾಡ
25 ಏಪ್ರಿಲ್ 2021

ಮಾಸ್ತರರಿಗೆ ನಮಸ್ಕಾರ.

ವಾದ್ಯದ ಮಾತು ತಿಳಿಯಿತು. ಇಷ್ಟು ದಿನದಲ್ಲಿ ನೀವು ನಮ್ಮಿಂದ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದಕ್ಕೂ ಇಲ್ಲ ಎನ್ನುವುದು ನಮಗೆ ಶೋಭೆಯಲ್ಲ. ನಮ್ಮೂರಿನ ಹುಸೇನನಿಗೆ ಹೇಳಿದ್ದೇನೆ. ಅವನದು ಎಂಟು ಜನರ ಬ್ಯಾಂಡ್ ಕಂಪನಿ. ಹೋದ ವರ್ಷದಿಂದ ಲಗ್ನಗಳಿಲ್ಲದೆ ಅದು ಮುಚ್ಚಿದಂತೆಯೇ ಇದೆ, ಗಾಡಿಯ ಮೇಲೆ ಉಳ್ಳಾಗಡ್ಡಿ ಮಾರಿಕೊಂಡಿದ್ದಾನೆ. ಕ್ಲಾರಿನೆಟ್ ಊದುವುದರಲ್ಲಿ ಅಥಣಿಯ ತನಕ ಅವನಷ್ಟು ಹೆಸರು ಮಾಡಿದವರಿಲ್ಲ. ಅವನೊಬ್ಬನೇ ಬಂದು ಊದುತ್ತಾನೆ. ನಿಯಮದ ಪ್ರಕಾರ ಐವತ್ತರಲ್ಲಿ ಅವನೂ ಒಬ್ಬ ಎಂದು ಪರವಾನಗಿಯಲ್ಲಿ ಹೆಸರು ಬರೆಸಿದ್ದೇನೆ. ಅದಕ್ಕಾಗಿ ನನ್ನ ಸೋದರಮಾವನ ಹೆಸರು ತೆಗೆದೆ, ಅವರು ಸಿಟ್ಟಾಗಿದ್ದಾರೆ.

ವೀಳ್ಯ ಕೊಡಲು ನಾನೇ ಹುಸೇನನ ಮನೆಗೆ ಹೋಗಿದ್ದೆ. ಸ್ವಲ್ಪ ಹೊತ್ತು ಎಲೆಯನ್ನೇ ನೋಡುತ್ತ ನಿಂತ. ಆಮೇಲೆ ತೆಗೆದುಕೊಂಡ.

ಇನ್ನೊಂದು ಮಾತು, ನೀವು ತಪ್ಪು ತಿಳಿಯಬಾರದು. ಪಂಚಾಯಿತಿಯವರು ಅಂದು ಬಾಗಿಲಲ್ಲಿ ಜ್ವರ ನೋಡುವ ಯಂತ್ರ ಹಿಡಿದು ಒಬ್ಬನನ್ನು ನಿಲ್ಲಿಸುತ್ತಾರೆ. ಯಾರಿಗಾದರೂ ಮೈ ಬೆಚ್ಚಗಿದ್ದರೆ ಬರದೇ ಇರಲಿ. ಯಾರು ಬರದಿದ್ದರೂ ನಾವು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಲಗ್ನದ ದಿನ ಹತ್ತಿರ ಬಂದಷ್ಟೂ ನನಗೆ ಸಂತೋಷ ಆಗಬೇಕು. ಆಗುತ್ತಿಲ್ಲ, ನಡುರಾತ್ರಿ ಎದ್ದು ಐವತ್ತು ಹೆಸರಿನ ಪಟ್ಟಿ ಎಣಿಸುತ್ತೇನೆ. ಕೆಲಸ ಜಾಸ್ತಿಯಾಗಿ ಇರಬಹುದು.

ಸೀಮಾ


ಭೋಜ
9 ಮೇ 2021

ಸೀಮಾಬಾಯಿಯವರಿಗೆ,

ಲಗ್ನ ಸಾಂಗವಾಗಿ ಆಯಿತು. ಐವತ್ತು ಜನರಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿ ತೋರಿಸಿದಿರಿ, ಐದು ನೂರು ಜನ ಬಂದಿದ್ದರೂ ಇದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಸ್ನೇಹಲಳು ಮನೆಗೆ ಹೊಂದಿಕೊಂಡಿದ್ದಾಳೆ. ಅವ್ವನಿಗೆ ದಿನಪತ್ರಿಕೆ ಓದಿ ಹೇಳುತ್ತಾಳೆ, ಸತ್ತವರ ಲೆಕ್ಕ ಮಾತ್ರ ಬಿಟ್ಟು.

ಹುಸೇನನ ಬಗ್ಗೆ ಬರೆಯಲೇಬೇಕು. ನನಗೆ ಕೇಳಿಸುವುದಿಲ್ಲ ಎಂದು ಅವನಿಗೆ ಯಾರು ಹೇಳಿದರೋ. ಅಕ್ಕಿಕಾಳು ಬಿದ್ದ ಮೇಲೆ ನನ್ನ ಬಳಿ ಬಂದು, ಎಡಗಿವಿಯ ಹತ್ತಿರ ಮೊಳದಷ್ಟು ದೂರದಲ್ಲಿ ನಿಂತು ಅರ್ಧ ತಾಸು ಊದಿದ. ಒಂಬತ್ತು ವರ್ಷದ ಮೇಲೆ ನಾನು ಪೂರ್ತಿ ಒಂದು ರಾಗ ಕೇಳಿದೆ. ನನ್ನ ಕಣ್ಣಲ್ಲಿ ನೀರು ಬಂತು. "ಕೇಳಸ್ತೇನ್ರಿ ಮಾಸ್ತರ?" ಎಂದು ಅವನು ಕೇಳಿದ್ದೂ ಕೇಳಿಸಿತು. ನಾನು ಅವನ ಕೈ ಹಿಡಿದುಕೊಂಡೆ. ಅವನಿಗೆ ನನ್ನ ಮೆಚ್ಚುಗೆ ತಿಳಿಸಿ.

ಹತ್ತಿರದ ದಾರಿ ಬಂದ್ ಆಗಿ ರಾಯಬಾಗದ ಮೇಲಿಂದ ಸುತ್ತಿ ಹೋಗಿ ಬಂದದ್ದಕ್ಕೆ ನನಗೆ ಸ್ವಲ್ಪ ದಣಿವಾಗಿದೆ. ಮೇಲಿನ ಕೋಣೆಯಲ್ಲಿ ಮಲಗಿದ್ದೇನೆ. ಅಷ್ಟೇ.

ಲಗಮಣ್ಣ


ಕಾಗವಾಡ
17 ಮೇ 2021

ಮಾಸ್ತರರಿಗೆ ನಮಸ್ಕಾರ.

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿ ಬರುತ್ತಿಲ್ಲ. ನನಗೆ ಹನ್ನೊಂದನೇ ತಾರೀಕಿನಿಂದ ಜ್ವರ. ಪರೀಕ್ಷೆಯಲ್ಲಿ ಕೊರೋನಾ ಎಂದು ಬಂತು. ಲಗ್ನಕ್ಕೆ ಬಂದ ನಮ್ಮ ಇಪ್ಪತ್ತೈದರಲ್ಲಿ ಒಂಬತ್ತು ಜನಕ್ಕೆ ಬಂದಿದೆ. ಎಂಟು ಮಂದಿ ಮನೆಯಲ್ಲೇ ಇದ್ದೇವೆ. ಹುಸೇನನಿಗೆ ಉಸಿರು ಸಿಗದೆ ಶುಕ್ರವಾರ ಅಥಣಿಗೆ ಕರೆದುಕೊಂಡು ಹೋಗಿದ್ದಾರೆ. ಆಕ್ಸಿಜನ್ ಹಚ್ಚಿದ್ದಾರಂತೆ.

ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುವ ಕೋಣೆಯಲ್ಲಿ ಮನಿಷಾ ಎಂಬ ಹೆಣ್ಣುಮಗಳು ಕೆಲಸ ಮಾಡುತ್ತಾಳೆ. ಏಪ್ರಿಲ್ ಕೊನೆಯಲ್ಲಿ ಅವಳಿಗೆ ಕೆಮ್ಮು ಇತ್ತು. "ಹೊಗಿಗೆ ಬರತೈತ್ರಿ ವೈನಿ, ವರ್ಷಾ ಬರತೈತಿ" ಎಂದಳು. ನಾನು ನಂಬಿದೆ, ನಂಬುವುದು ನನಗೆ ಅನುಕೂಲವಿತ್ತು. ಲಗ್ನದ ಹಿಂದಿನ ದಿನ ಅವಳೇ ಬಂದು ಅಂಗಳ ಸಾರಿಸಿದಳು. ರೋಗ ನನ್ನ ಮನೆಯಿಂದಲೇ ಹೊರಟಿತು ಮಾಸ್ತರರೇ. ನಿಮ್ಮ ಕಡೆಯವರಿಗೆ ಏನಾದರೂ ಆಗಿದ್ದರೆ ಅದು ನನ್ನ ತಪ್ಪು. ಅಕ್ಕವ್ವನವರು ಹೇಗಿದ್ದಾರೆ? ನಿಮ್ಮ ದಣಿವು ಇಳಿಯಿತೇ? ಸ್ನೇಹಲಳಿಗೆ ಫೋನ್ ಮಾಡಿದರೆ "ಎಲ್ಲಾರೂ ಆರಾಮ ಅದಾರ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾಳೆ. ನನ್ನ ಮೇಲೆ ಸಿಟ್ಟಿರಬೇಕು.

ಸೀಮಾ


ಭೋಜ
23 ಮೇ 2021

ಸೀಮಾಬಾಯಿಯವರಿಗೆ,

ಪತ್ರ ತಲುಪಿತು. ನೀವು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಈ ರೋಗ ಗಾಳಿಯಲ್ಲಿದೆ. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ದೊಡ್ಡ ದೊಡ್ಡ ಡಾಕ್ಟರರಿಗೇ ಹೇಳಲಾಗುವುದಿಲ್ಲ. ಅವ್ವನಿಗೆ ನಾಲ್ಕು ದಿನ ಜ್ವರ ಬಂದು ಹೋಯಿತು, ಈಗ ಎದ್ದು ಕೂತು ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಜಗಳವಾಡುತ್ತಿದ್ದಾಳೆ. ಅಮೋಲ, ಸ್ನೇಹಲ ಚೆನ್ನಾಗಿದ್ದಾರೆ.

ಹುಸೇನನ ಸಮಾಚಾರ ತಿಳಿಸಿ. ಅವನು ಗಟ್ಟಿ ಮನುಷ್ಯ. ಊದುವವರ ಎದೆ ಗಟ್ಟಿ ಇರುತ್ತದೆ.

ವಿಶ್ರಾಂತಿ ತೆಗೆದುಕೊಳ್ಳಿ.

ಲಗಮಣ್ಣ


ಕಾಗವಾಡ
3 ಜೂನ್ 2021

ಮಾಸ್ತರರಿಗೆ,

ಹುಸೇನ ಮೇ ಇಪ್ಪತ್ತೇಳರಂದು ತೀರಿಕೊಂಡ. ನಲವತ್ತಾರು ವರ್ಷ. ಮೈತುಂಬ ಪ್ಲಾಸ್ಟಿಕ್ ಹಾಕಿಕೊಂಡ ನಾಲ್ಕು ಜನ ಬಂದು ಮಣ್ಣು ಕೊಟ್ಟರು. ಹೆಂಡತಿ ಹಸೀನಾ ದೂರದಲ್ಲಿ ಒಂದು ರಿಕ್ಷಾದಲ್ಲಿ ಕೂತು ನೋಡಿದಳಂತೆ. ಎರಡು ಹೆಣ್ಣುಮಕ್ಕಳಿದ್ದಾರೆ, ದೊಡ್ಡವಳು ರುಕ್ಸಾರ ಹತ್ತನೇ ಇಯತ್ತೆ.

ನಾನು ಎದ್ದು ಓಡಾಡುವಂತಾದ ಮೇಲೆ ಹಸೀನಾಳ ಮನೆಗೆ ಹೋದೆ. ನನ್ನ ಶೆಡ್ಡಿನಿಂದಲೇ ಬಂತು ಎಂದು ಅವಳ ಎದುರಿಗೆ ಹೇಳಿದೆ. ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾಗಲಿಲ್ಲ. ಅಲ್ಲಿ ಕೂತಿದ್ದ ಹೆಂಗಸರು ಕೇಳಿಸಿಕೊಂಡರು, ಸಂಜೆಯೊಳಗೆ ಊರಿಗೆಲ್ಲ ಮನಿಷಾಳ ಹೆಸರು ಗೊತ್ತಾಯಿತು. ಈಗ ನಳದ ಸರದಿಯಲ್ಲಿ ಅವಳ ಕೊಡದ ಹಿಂದೆ ಯಾರೂ ಕೊಡ ಇಡುವುದಿಲ್ಲ. ಶೆಡ್ಡಿನ ಹೆಂಗಸರು, "ಆಕಿ ಬಂದ್ರ ನಾವ ಬರೂದಿಲ್ರಿ" ಎಂದರು. ಇಪ್ಪತ್ತು ಟ್ರೇ ಹಣ್ಣು ಬಾಕಿ ಇತ್ತು. ನಾನು ಅವಳಿಗೆ ಬರಬೇಡ ಎಂದೆ.

"ನಾ ಯಾರನ್ನೂ ಕೊಂದಿಲ್ರಿ ವೈನಿ" ಎಂದಳು. ನಾನು ಆ ದಿನದವರೆಗಿನ ಕೂಲಿ ಎಣಿಸಿ ಅವಳ ಕೈಗೆ ಕೊಟ್ಟೆ.

ನೀವು ನಾಲ್ಕು ಊರಿನ ವ್ಯವಹಾರ ಬಗೆಹರಿಸಿದವರು. ನಾನು ಮಾಡಿದ್ದು ಸರಿಯೋ ತಪ್ಪೋ ಬರೆಯಿರಿ.

ಸೀಮಾ


ಭೋಜ
21 ಜೂನ್ 2021

ಸೀಮಾಬಾಯಿಯವರಿಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಈ ಸಲ ಹರಿಯುವುದಿಲ್ಲ.

ರೋಗ ಮನಿಷಾಳಿಂದ ಬರಲಿಲ್ಲ. ನಿಮ್ಮ ಶೆಡ್ಡಿನಿಂದ ಬರಲಿಲ್ಲ. ನಾನು ತಂದೆ.

ಮೇ ಮೂರರ ಸಂಜೆ ನನಗೆ ಮೈ ಬಿಸಿಯಾಯಿತು. ನಾಲ್ಕರ ಬೆಳಿಗ್ಗೆ ಚಹಾಕ್ಕೆ ರುಚಿ ಇರಲಿಲ್ಲ, ಊದಿನಕಡ್ಡಿಯ ವಾಸನೆ ಬರಲಿಲ್ಲ. ಊರಿನ ಹತ್ತೊಂಬತ್ತು ಮನೆಗಳಲ್ಲಿ ಇದೇ ಪ್ರಶ್ನೆ ಕೇಳಿ ಬಾಗಿಲಿಗೆ ಚೀಟಿ ಅಂಟಿಸಿದವನು ನಾನು. ನನಗೆ ಏನಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಈ ಒಂದೂವರೆ ತಿಂಗಳು ಪ್ರಯತ್ನ ಮಾಡಿದೆ, ಆಗಲಿಲ್ಲ.

ಐದರಂದು ಬೆಳಿಗ್ಗೆ ಕ್ರೂಸರ್ ಗಾಡಿಯಲ್ಲಿ ಹೊರಟೆವು. ರಾಯಬಾಗದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಡಿಯ ಹಿಂದೆ ಹೋಗಿ ಎರಡು ಗುಳಿಗೆ ನುಂಗಿದೆ. ನಿಮ್ಮ ಬಾಗಿಲಲ್ಲಿ ಆ ಹುಡುಗ ಹಣೆಗೆ ಯಂತ್ರ ಹಿಡಿದ. ತೊಂಬತ್ತೇಳು ತೋರಿಸಿತು. "ಮಾಸ್ತರ, ಬರ್ರಿ ಒಳಗ" ಎಂದ. ನಾನು ಒಳಗೆ ಬಂದೆ. ಹುಸೇನ ನನ್ನ ಕಿವಿಗೆ ಕೇಳಲಿ ಎಂದು ಹತ್ತಿರ ಬಂದು ನಿಂತಾಗ ಮಾಸ್ಕ್ ಗಲ್ಲದ ಕೆಳಗೆ ಇಳಿಸಿ ಅವನೊಡನೆ ಮಾತಾಡಿದೆ, ಕೈ ಹಿಡಿದೆ. ಅವನು ನನಗೋಸ್ಕರ ಅಷ್ಟು ಹತ್ತಿರ ಬಂದಿದ್ದ.

ಯಾಕೆ ಬಂದೆ ಎಂದು ಕೇಳುತ್ತೀರಿ. ಗಂಡಿನ ತಂದೆಯೇ ಅಕ್ಕಿಕಾಳಿಗೆ ಬರಲಿಲ್ಲ ಎಂದರೆ ಬೀಗರಿಗೆ ಮನಸ್ಸಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ, ನಿಮ್ಮ ಮಗಳ ಮೇಲೆ ಎರಡನೇ ಸಲ ಮಾತು ಬರುತ್ತದೆ ಎಂದುಕೊಂಡೆ. ಇದು ನಿಜ. ಲಗ್ನವನ್ನು ನಾನೇ ನಿಲ್ಲಿಸಿದೆ ಎಂಬ ಹೆಸರು ನನಗೆ ಬೇಡವಾಗಿತ್ತು. ಇದು ಇನ್ನೂ ಹೆಚ್ಚು ನಿಜ.

ವಾದ್ಯದ ಮಾತನ್ನೂ ಹೇಳಿಬಿಡುತ್ತೇನೆ. ವಾದ್ಯವಿಲ್ಲದ ಲಗ್ನ ಎಂಥ ಲಗ್ನ ಎಂದು ಬರೆದಾಗ, ಹಾಗಾದರೆ ದೀಪಾವಳಿಯ ಮೇಲೆ ಮಾಡೋಣ ಎಂದು ನೀವು ಬರೆಯುತ್ತೀರಿ ಎಂದುಕೊಂಡಿದ್ದೆ. ಬೇಡ ಎಂಬ ಮಾತು ನಿಮ್ಮ ಬಾಯಿಂದ ಬರಲಿ ಎಂದು ದಾರಿ ಮಾಡಿಕೊಟ್ಟೆ. ನೀವು ಹುಸೇನನನ್ನು ಕರೆಸಿದಿರಿ.

ಎಂಟರಂದು ಪರೀಕ್ಷೆ ಮಾಡಿಸಿದೆ, ಹತ್ತರಂದು ರಿಪೋರ್ಟ್ ಬಂತು. ನಿಮ್ಮ ಹದಿನೇಳರ ಪತ್ರ ಓದುವಾಗ ಅದು ನನ್ನ ದಿಂಬಿನ ಕೆಳಗೇ ಇತ್ತು. ತಾಯಿಗೆ ತಿಳಿಸಬೇಡ, ಗಾಬರಿಯಾಗುತ್ತಾರೆ ಎಂದು ಸ್ನೇಹಲಳಿಗೆ ನಾನೇ ಹೇಳಿದ್ದೆ. ಮದುವೆಯಾಗಿ ಐದು ದಿನದ ಹುಡುಗಿ, ಮಾವನ ಮಾತು ಮೀರಲಿಲ್ಲ. ಅವಳ ಮೇಲೆ ಸಿಟ್ಟಾಗಬೇಡಿ.

ನಿಮ್ಮ ತಪ್ಪು ಎಂದು ನೀವು ಅಳುತ್ತಿದ್ದಾಗ ನಾನು ಗಾಳಿಯ ಮೇಲೆ ಹಾಕಿ ಪತ್ರ ಬರೆದೆ. ನನಗೆ ನಾಚಿಕೆಯಾಗುತ್ತದೆ. ಇದನ್ನು ಯಾರಿಗೆ ಬೇಕಾದರೂ ತೋರಿಸಿ.

ಲಗಮಣ್ಣ


ಕಾಗವಾಡ
4 ಜುಲೈ 2021

ಲಗಮಣ್ಣನವರಿಗೆ,

ನಿಮ್ಮ ಪತ್ರವನ್ನು ಶೆಡ್ಡಿನಲ್ಲಿ ಎಲ್ಲರ ಮುಂದೆ ನಿಂತು ಓದಿದೆ. ಮನಿಷಾ ಇರಲಿಲ್ಲ. ಅವಳು ಹೋದ ವಾರವೇ ಮಕ್ಕಳನ್ನು ಕರೆದುಕೊಂಡು ಉಗಾರಕ್ಕೆ ತವರಿಗೆ ಹೋಗಿಬಿಟ್ಟಿದ್ದಾಳೆ. ಅಲ್ಲಿಗೆ ಹೋಗಿ ಅವಳ ಕಾಲು ಹಿಡಿಯುವುದು ನನ್ನ ಕೆಲಸ, ಮಾಡುತ್ತೇನೆ. ಅವಳ ಹೆಸರನ್ನು ಬೀದಿಗೆ ತಂದವಳು ನಾನೇ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ.

ನನ್ನ ಮಗಳ ಬಾಯಿ ಕಟ್ಟಿಸಿದ್ದನ್ನು ಮಾತ್ರ ಮರೆಯುವುದು ನನಗೆ ಕಷ್ಟ.

ನೀವು ಹೇಳಿದ್ದಕ್ಕೆ ನಾನೂ ಹೇಳುತ್ತೇನೆ. ಏಪ್ರಿಲ್‌ನಲ್ಲಿ "ಏನು ಹೇಳಿದರೂ" ಎಂದು ಎರಡು ಸಲ ಬರೆದೆ. ಬೇಡ ಅನ್ನಿ ಎಂದು ನಿಮ್ಮನ್ನು ಅಂಗಲಾಚಿದ್ದು ಅದು. ನೀವು ಅದನ್ನು ನನ್ನ ಹೆದರಿಕೆ ಎಂದುಕೊಂಡು ಧೈರ್ಯ ತುಂಬಿದಿರಿ. ನಿಮ್ಮ ಮಾತನ್ನು ನಾನು ಹಟ ಎಂದುಕೊಂಡು ಹುಸೇನನ ಕೈಗೆ ವೀಳ್ಯ ಕೊಟ್ಟೆ. ಇಬ್ಬರಿಗೂ ಅಕ್ಷರ ಬರುತ್ತದೆ, ಐವತ್ತು ಪೈಸೆಯ ಒಂದು ಕಾರ್ಡಿನಲ್ಲಿ ಮುಗಿಯುವ ಮಾತಾಗಿತ್ತು.

ಹಸೀನಾಳ ಮನೆಗೂ ಹೋಗಿ ನಿಮ್ಮ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: "ಅವತ್ತ ಮುಂಜಾನೆ ನಾ ಬ್ಯಾಡ ಅಂದೆ ರೀ. ಹೋಗಬ್ಯಾಡ್ರಿ, ಉಳ್ಳಾಗಡ್ಡಿ ಮಾರಿಕೊಂಡ ಇರೋಣು ಅಂದೆ. ಅದಕ್ಕ ಅವ್ರು ನಕ್ರು. ಗಂಡಿನ ಅಪ್ಪಾ ಕೊರೋನಾ ಕಮಿಟಿ ಮಾಸ್ತರ ಅದಾರ, ಅಂಥವ್ರ ಬರಾಕತ್ತಾರ ಅಂದಮ್ಯಾಗ ನಮಗೇನ ಆಗತೈತಿ ಅಂದ್ರು. ಇಷ್ಟ ಮಂದ್ಯಾಗ ಬ್ಯಾಡ ಅಂದಾಕಿ ನಾ ಒಬ್ಬಾಕಿನ ರೀ."

ನಾನು ಪತ್ರವನ್ನು ಅವಳ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಕಾಗದಾ ತಗೊಂಡ ನಾ ಏನ ಮಾಡ್ಲಿ, ನನಗ ಓದಾಕ ಬರೂದಿಲ್ಲ. ಆ ಮಾಸ್ತರಗ ಬಂದ ಹೇಳಾಕ ಹೇಳ್ರಿ" ಎಂದಳು.

ಬನ್ನಿ. ನಾನು ಜೊತೆಗೆ ಬರುವುದಿಲ್ಲ. ನಾನು ಅಲ್ಲಿದ್ದರೆ ನನ್ನ ಮರ್ಯಾದೆಗೆ ಅವಳು ಸುಮ್ಮನಾದಾಳು.

ಸೀಮಾ


ಭೋಜ
13 ಜುಲೈ 2021

ಸೀಮಾಬಾಯಿಯವರಿಗೆ,

ನಿನ್ನೆ ಸೋಮವಾರ ಅಮೋಲ, ಸ್ನೇಹಲರ ಜೊತೆಗೆ ಕಾಗವಾಡಕ್ಕೆ ಬಂದು ಹೋದೆ. ನಿಮ್ಮ ಮನೆಯ ಮುಂದೆಯೇ ಹಾದು ಹೋದೆವು. ನಿಲ್ಲಲಿಲ್ಲ, ಅದಕ್ಕೆ ಕ್ಷಮೆ ಇರಲಿ. ಬೀಗರ ಮನೆಯಲ್ಲಿ ಕೂತು ಚಹಾ ಕುಡಿದು ಆಮೇಲೆ ಅಲ್ಲಿಗೆ ಹೋಗುವುದು ಸರಿ ಕಾಣಲಿಲ್ಲ.

ಹಸೀನಾ ಅಂಗಳದಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಳು. ಕೂರಿ ಅನ್ನಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ನಿಮಗೆ ಬರೆದಷ್ಟನ್ನೂ ಹೇಳಿದೆ: ಜ್ವರ, ಚಹಾದ ರುಚಿ, ಗುಳಿಗೆ, ಬಾಗಿಲಿನ ಯಂತ್ರ, ಮಾಸ್ಕ್ ಇಳಿಸಿದ್ದು. ನನ್ನ ದನಿ ದೊಡ್ಡದು, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ನಡುವೆ ದನಿ ಇಳಿಸಬೇಕು ಎನ್ನಿಸಿತು, ಇಳಿಸಲಿಲ್ಲ. ರುಕ್ಸಾರ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕ್ಷಮಿಸು ಎಂದು ಕೇಳುವುದಕ್ಕೆ ಬಂದಿದ್ದೆ, ಆ ಶಬ್ದ ಬಾಯಿಗೆ ಬರಲಿಲ್ಲ. ನನ್ನಿಂದ ತಪ್ಪಾಯಿತು ಎಂದಷ್ಟೇ ಹೇಳಿ ನಿಲ್ಲಿಸಿದೆ.

ಹಸೀನಾ ಕೈಯಲ್ಲಿದ್ದ ಕೊಳೆತ ಉಳ್ಳಾಗಡ್ಡಿಯನ್ನು ಬೇರೆ ಹಾಕಿದಳು. ಆಮೇಲೆ ಏನೋ ಕೇಳಿದಳು. ಸ್ನೇಹಲಳು ನನಗೆ ತಿಳಿಯುವಂತೆ ಮತ್ತೊಮ್ಮೆ ಹೇಳಿದಳು. "ರಾಯಬಾಗದಾಗ ಗುಳಗಿ ತಗೊಂಡಾಗ ಹೊತ್ತ ಎಷ್ಟಾಗಿತ್ತ, ಕೇಳಾಕತ್ತಾರ್ರಿ."

ಎಂಟೂವರೆ ಎಂದೆ. ಅಂಗಡಿಯ ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ.

"ನಮ್ಮವ್ರು ಮನಿ ಬಿಟ್ಟಿದ್ದ ಹತ್ತಕ್ಕರಿ" ಎಂದು ಹಸೀನಾ ನನಗೇ ಕೇಳುವಂತೆ ಗಟ್ಟಿಯಾಗಿ ಅಂದಳು.

ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಗಳು ಬಾಗಿಲು ಮುಂದೆ ಮಾಡಿದಳು. ನಾವು ತಿರುಗಿ ಬಂದೆವು.

ಸೀಮಾಬಾಯಿ, ಅವತ್ತು ರಾಯಬಾಗದಲ್ಲಿ ನಾವು ಅರ್ಧ ತಾಸು ಕೂತಿದ್ದೆವು. ಗಾಡಿಯಲ್ಲಿದ್ದ ಪ್ರತಿಯೊಬ್ಬರ ಕೈಯಲ್ಲೂ ಫೋನಿತ್ತು.

ಲಗಮಣ್ಣ